ಗಡಿಕಲ್ಲಿನ ಆಚೆ ಅಪರಾಧ, ಈಚೆ ಹರಾಜು

ನಗರಗೆರೆ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆ ಇದು. ನಮ್ಮ ಕೇರಿಯ ಜನ ಅಳುವುದು ತೆಲುಗಿನಲ್ಲಿ, ಅರ್ಜಿ ಬರೆಸುವುದು ಕನ್ನಡದಲ್ಲಿ. ಹೆಣ್ಣು ಕೊಡುವುದೂ ತರುವುದೂ ಹಿಂದೂಪುರದ ಕಡೆಗೆ, ಸಂತೆಗೆ ಹೋಗುವುದು ಎರಡೂ ಕಡೆಗೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಗಡಿಕಲ್ಲು ಯಾವುದೋ ಹೊಲದ ಬದುವಿನಲ್ಲಿ ಕೂತಿರುತ್ತದೆ. ಮೇಕೆಗೆ ಅದು ಕಾಣುವುದಿಲ್ಲ, ಮಳೆಗೆ ಕಾಣುವುದಿಲ್ಲ. ಪೊಲೀಸಿನವರಿಗೆ ಕಾಣುತ್ತದೆ.

1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಆಂಧ್ರಪ್ರದೇಶದಲ್ಲಿ ಸಂಪೂರ್ಣ ಪಾನನಿಷೇಧ ತಂದಿತು. ನಾವು ಆಗಿನ್ನೂ ಹುಟ್ಟಿರಲಿಲ್ಲ. ಗಡಿಕಲ್ಲಿನ ಆಚೆ ಒಂದು ಬಾಟಲಿ ಅಪರಾಧವಾಯಿತು. ಈಚೆ ಅದೇ ಮಾಲು ಸರ್ಕಾರವೇ ಹರಾಜು ಕೂಗಿ ಕೊಟ್ಟ ಗುತ್ತಿಗೆದಾರನ ಹಕ್ಕು. ನಮ್ಮ ತಾತ ಕಂಡವರ ರಾಗಿ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು. ರಾತ್ರಿ ಒಂದು ಚೀಲ ಹೊತ್ತು ಗಡಿ ದಾಟಿಸಿದರೆ ನಾಲ್ಕು ದಿನದ ಕೂಲಿ ಸಿಗುತ್ತಿತ್ತಂತೆ. ಎರಡು ಸಲ ಹೊತ್ತ. ಮೂರನೇ ಸಲ ಸಿಕ್ಕಿಬಿದ್ದ. ಚೀಲ ಯಾರದು ಅಂತ ಯಾರೂ ಕೇಳಲಿಲ್ಲ. ಹೊತ್ತವನು ಯಾರು, ಯಾವ ಜಾತಿ, ಇಷ್ಟೇ ಕೇಳಿದರು. ಜಾಮೀನಿಗೆ ಪಹಣಿ ತನ್ನಿ ಅಂದರು. ತುಂಡು ಭೂಮಿ ಇಲ್ಲದವನ ಮನೆಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಪಹಣಿ ಇದ್ದವರು ಕೇರಿಯವನ ಜಾಮೀನಿಗೆ ಯಾಕೆ ನಿಲ್ಲಬೇಕು? ತಿಂಗಳುಗಟ್ಟಲೆ ಒಳಗಿದ್ದು ಬಂದ. ಅಜ್ಜಿ ಇವತ್ತಿಗೂ ಹೇಳುತ್ತಾಳೆ: ‘ಕುಡಿದೋನಲ್ಲ ಕಣಪ್ಪಾ ನಿಮ್ ತಾತ, ಹೊತ್ತೋನು. ಕುಡಿದೋರು ಮನೇಲಿ ಮಲಗಿದ್ರು, ಮಾರ್ದೋರು ಮಹಡೀಲಿ ಮಲಗಿದ್ರು, ಹೊತ್ತೋನು ಜೈಲಲ್ಲಿ ಮಲಗಿದ್ದ.’

ಅದೇ ಮನೆಯ ಇನ್ನೊಂದು ಕತೆ ದೊಡ್ಡಪ್ಪನದು. ಆತ ಯಾವ ಕಾಯ್ದೆಯನ್ನೂ ಮುರಿದವನಲ್ಲ. ಪರವಾನಗಿ ಇದ್ದ ಅಂಗಡಿಯಲ್ಲಿ, ಸರ್ಕಾರಕ್ಕೆ ಸುಂಕ ಕಟ್ಟಿದ ಪ್ಯಾಕೆಟ್ಟು ಸಾರಾಯಿಯನ್ನು, ಹಗಲಲ್ಲೇ, ಸ್ವಂತ ಕೂಲಿ ದುಡ್ಡು ಕೊಟ್ಟು ಕುಡಿದ. ನಲವತ್ತು ದಾಟುವ ಮೊದಲೇ ಸತ್ತ. ದೊಡ್ಡಮ್ಮನ ಕಿವಿಯ ಓಲೆ, ಎರಡು ಮೇಕೆ, ಮಗಳ ಓದು, ಎಲ್ಲ ಅವನಿಗಿಂತ ಮುಂಚೆಯೇ ಹೋಗಿದ್ದವು.

ಒಬ್ಬನನ್ನು ಕಾನೂನು ತಿಂದಿತು, ಇನ್ನೊಬ್ಬನನ್ನು ಸಾರಾಯಿ ತಿಂದಿತು. ಮಾದಕ ವಸ್ತುಗಳ ಕಾನೂನು ಬಿಗಿಯಾಗಬೇಕೋ ಸಡಿಲವಾಗಬೇಕೋ ಎಂದು ದೊಡ್ಡವರು ಚರ್ಚೆ ಮಾಡುವಾಗ ನಾವು ಯಾರ ಪಕ್ಕ ನಿಲ್ಲಬೇಕು? ತಾತನ ಪಕ್ಕವೋ ದೊಡ್ಡಮ್ಮನ ಪಕ್ಕವೋ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ನಾವು ಚರಿತ್ರೆಯ ಪುಟಗಳನ್ನು ತಿರುವಿ ಹಾಕಿದೆವು.

*

ಅಮಲನ್ನು ಆಳುವವರು ಎರಡು ಕಣ್ಣಿನಿಂದ ನೋಡಿದ್ದಾರೆ. ಒಂದು ಕಣ್ಣಿಗೆ ಅದು ಪಾಪ, ಇನ್ನೊಂದು ಕಣ್ಣಿಗೆ ಅದು ಖಜಾನೆ. ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನ ಹೆಂಡ ಸಾರಾಯಿಗಳನ್ನು ನಿಲ್ಲಿಸಲು ಹೊರಟಿದ್ದ. ಅವನ ನಂತರ ಬಂದ ಆಡಳಿತಕ್ಕೆ ಈಚಲುವನವೂ ಭಟ್ಟಿಯೂ ಆದಾಯದ ಬಾಬ್ತು. ಅಬಕಾರಿ ಎಂಬ ಇಲಾಖೆ ಬೆಳೆದದ್ದೇ ಹಾಗೆ. ಮರ ಸರ್ಕಾರದ್ದು, ಹರಾಜು ಹಿಡಿದವನು ಉಳ್ಳವನು, ಕುಡಿಯುವವನು ಕೂಲಿಯವನು.

ಅದಕ್ಕೂ ದೊಡ್ಡ ವ್ಯಾಪಾರ ಅಫೀಮಿನದು. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳ ಬಿಹಾರಗಳ ಅಫೀಮಿನ ಏಕಸ್ವಾಮ್ಯ ಹಿಡಿಯಿತು. ಬಿಹಾರದ ರೈತನಿಂದ ಕಂಪನಿಯೇ ಗೊತ್ತುಮಾಡಿದ ಬೆಲೆಗೆ ಕೊಂಡು, ಕಳ್ಳದಾರಿಯಲ್ಲಿ ಚೀನಾಕ್ಕೆ ಹೋಗುವ ವರ್ತಕರಿಗೆ ಹರಾಜು ಹಾಕಿತು. ಚೀನಾ ಬೇಡ ಅಂದಾಗ 1839ರಿಂದ 42ರವರೆಗೆ ಒಂದು ಯುದ್ಧ, 1856ರಿಂದ 60ರವರೆಗೆ ಮತ್ತೊಂದು ಯುದ್ಧ. ಅಫೀಮು ಮಾರುವ ಸ್ವಾತಂತ್ರ್ಯಕ್ಕಾಗಿ ಫಿರಂಗಿ ಹಾರಿಸಿದ ಸಾಮ್ರಾಜ್ಯ ಅದು.

ಈ ಕಂಪನಿಯ ಲಂಡನ್ ಕಚೇರಿಯಲ್ಲಿ ಒಬ್ಬ ಗುಮಾಸ್ತನಾಗಿ ಸೇರಿ ಮೇಲಕ್ಕೇರಿದ. 1823ರಿಂದ 1858ರವರೆಗೆ ಮೂವತ್ತೈದು ವರ್ಷ ಅಲ್ಲಿ ದುಡಿದ. ಹೆಸರು ಜಾನ್ ಸ್ಟುವರ್ಟ್ ಮಿಲ್. ಕೆಲಸ ಬಿಟ್ಟ ಮರುವರ್ಷ 1859ರಲ್ಲಿ ‘ಆನ್ ಲಿಬರ್ಟಿ’ ಎಂಬ ಪುಸ್ತಕ ಬರೆದ. ಬೇರೆಯವರಿಗೆ ಕೇಡಾಗದ ಹೊರತು ಒಬ್ಬ ಮನುಷ್ಯನ ಮೈ ಮನಸ್ಸಿನ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂಬುದು ಅದರ ತಿರುಳು. ಅಮೆರಿಕದ ಮೇಯ್ನ್ ರಾಜ್ಯದ ಪಾನನಿಷೇಧವನ್ನು ಅದರಲ್ಲಿ ಖಂಡಿಸುತ್ತಾನೆ. ಚೀನಾ ಅಫೀಮನ್ನು ತಡೆದದ್ದೂ ತಪ್ಪು, ಕೊಳ್ಳುವವನ ಸ್ವಾತಂತ್ರ್ಯಕ್ಕೆ ಅದರಿಂದ ಭಂಗ ಬಂತು ಎನ್ನುತ್ತಾನೆ. ಮಿಲ್ ದುಷ್ಟನಲ್ಲ. ಹೆಂಗಸರ ಹಕ್ಕಿಗೆ ಬಡಿದಾಡಿದವನು. ಆದರೆ ಕೊಳ್ಳುವವನ ಸ್ವಾತಂತ್ರ್ಯ ಕಂಡ ಅವನ ಕಣ್ಣಿಗೆ, ಕಂಪನಿಯ ಮುಂಗಡ ತಿಂದು ಗಸಗಸೆ ಬೆಳೆದ ಬಿಹಾರದ ರೈತನ ಸ್ವಾತಂತ್ರ್ಯ ಆ ಪುಟದಲ್ಲಿ ಕಾಣಲಿಲ್ಲ. ಸ್ವಾತಂತ್ರ್ಯದ ತತ್ವ ಯಾವ ಕಚೇರಿಯ ಕುರ್ಚಿಯಿಂದ ಹುಟ್ಟಿತು ಎಂಬುದನ್ನು ಓದುವವರು ಮರೆಯಬಾರದು.

ಬ್ರಿಟಿಷರ ಕಡತಗಳಲ್ಲೇ ಇನ್ನೊಂದು ದಾಖಲೆ ಇದೆ. ಗಾಂಜಾ, ಭಂಗಿ, ಚರಸ್ ಬಗ್ಗೆ ವಿಚಾರಣೆ ಮಾಡಲು 1893ರಲ್ಲಿ ಒಂದು ಆಯೋಗ ನೇಮಕವಾಯಿತು. 1,193 ಸಾಕ್ಷಿಗಳನ್ನು ಕೇಳಿ ಏಳು ಸಂಪುಟಗಳ ವರದಿ ಕೊಟ್ಟಿತು. ಮಿತವಾಗಿ ಸೇವಿಸುವವರಿಗೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು, ಪೂರ್ತಿ ನಿಷೇಧ ಬೇಡ, ಸುಂಕ ಹಾಕಿ ಹತೋಟಿಯಲ್ಲಿಡಿ ಎಂದಿತು. ಬೈರಾಗಿ ಫಕೀರರ ಚಿಲುಮೆಯ ಬಗ್ಗೆ ಬಿಳಿಯ ದೊರೆಗಳು ಇಷ್ಟು ತಾಳ್ಮೆಯಿಂದ ಕೇಳಿಸಿಕೊಂಡರಲ್ಲ ಎಂದು ನಮಗೆ ಆಶ್ಚರ್ಯವಾಯಿತು. ಆಮೇಲೆ ಸುಂಕದ ಮಾತು ನೆನಪಾಯಿತು. ತಾಳ್ಮೆಗೂ ಒಂದು ದರ ಇರುತ್ತದೆ.

*

ಮಿಲ್‌ನ ಮರಿಮಕ್ಕಳು ಅಮೆರಿಕದಲ್ಲಿ ಹುಟ್ಟಿಕೊಂಡರು. ಅವರನ್ನು ಲಿಬರ್ಟೇರಿಯನ್ ಎನ್ನುತ್ತಾರೆ. ವ್ಯಕ್ತಿಸ್ವಾತಂತ್ರ್ಯವಾದಿಗಳು ಅನ್ನೋಣ. ಅಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಕುಡಿತ ನಿಲ್ಲಲಿಲ್ಲ, ಕಳ್ಳಭಟ್ಟಿಯ ಗುಂಪುಗಳು ನಗರಗಳನ್ನೇ ಆಳಿದವು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವೇ ದೇಶದ ಮೊದಲ ಶತ್ರು ಎಂದು ಸಾರಿದ. ಮರುವರ್ಷವೇ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ಈ ನಿಷೇಧವೂ ಹಳೆಯ ನಿಷೇಧದ ದಾರಿಯನ್ನೇ ಹಿಡಿಯುತ್ತದೆ, ಅಪರಾಧ ಹೆಚ್ಚಿಸುತ್ತದೆ, ಪೊಲೀಸರನ್ನು ಕೆಡಿಸುತ್ತದೆ ಎಂದು ಬರೆದ. 1974ರಲ್ಲಿ ರಾಬರ್ಟ್ ನೋಜಿಕ್ ಎಂಬ ತತ್ವಶಾಸ್ತ್ರದ ಮೇಷ್ಟ್ರು, ಕಳ್ಳತನ ಹಿಂಸೆಗಳಿಂದ ಕಾಪಾಡುವುದಕ್ಕಿಂತ ಹೆಚ್ಚಿನ ಕೆಲಸ ಸರ್ಕಾರಕ್ಕಿಲ್ಲ ಎಂದು ವಾದಿಸಿದ.

ಇವರ ಅರ್ಧ ಮಾತು ನಿಜವಾಯಿತು. ಅಮೆರಿಕದ ಜೈಲುಗಳು ತುಂಬಿದವು. ಯಾರಿಂದ ತುಂಬಿದವು? ಕರಿಯರಿಂದ. 1986ರ ಕಾನೂನು ಕರಿಯರ ಬೀದಿಗಳಲ್ಲಿ ಸಿಗುತ್ತಿದ್ದ ಕ್ರ್ಯಾಕ್ ಎಂಬ ಕೊಕೇನಿಗೂ ಬಿಳಿಯ ಸಿರಿವಂತರ ಕೊಕೇನ್ ಪುಡಿಗೂ ನೂರಕ್ಕೆ ಒಂದರ ತಕ್ಕಡಿ ಹಿಡಿಯಿತು. ಕ್ರ್ಯಾಕ್ 5 ಗ್ರಾಂ ಇದ್ದರೆ ಎಷ್ಟು ಶಿಕ್ಷೆಯೋ, ಪುಡಿ 500 ಗ್ರಾಂ ಇದ್ದರೆ ಅಷ್ಟೇ ಶಿಕ್ಷೆ. ಮೂಲವಸ್ತು ಒಂದೇ, ಚರ್ಮ ಬೇರೆ. 2010ರಲ್ಲಿ ಆ ತಕ್ಕಡಿಯನ್ನು ಹದಿನೆಂಟಕ್ಕೆ ಒಂದು ಎಂದು ಇಳಿಸಿದರು. ಪೂರ್ತಿ ಸಮ ಮಾಡಲು ಆಗಲೂ ಮನಸ್ಸು ಬರಲಿಲ್ಲ.

ಇವರ ಉಳಿದರ್ಧ ಮಾತನ್ನು ನಾವು ಒಂದು ಸಂಜೆ ದೊಡ್ಡಮ್ಮನಿಗೆ ಹೇಳಿದೆವು. ‘ಅವನ ಮೈ ಅವನದು, ಕುಡಿದು ಹಾಳಾಗುವುದೂ ಅವನ ಹಕ್ಕು ಅಂತ ಓದಿದೋರು ಬರೀತಾರೆ ದೊಡ್ಡಮ್ಮ’ ಅಂದೆವು. ಸೌದೆ ಮುರಿಯುತ್ತಿದ್ದವಳು ತಲೆ ಎತ್ತದೆ ಕೇಳಿದಳು: ‘ಹಂಗಾ? ಅವನ ಮೈ ಅವನ್ದು. ನನ್ ಮೈ ಮೇಲೆ ಬಿದ್ದ ಏಟು ಯಾರ್ದು?’

ನೋಜಿಕ್‌ಗೆ ನಾವು ಕೇಳಬೇಕಾದ್ದು ಇದನ್ನೇ. ದಿನವಿಡೀ ಕಂಡವರ ಹೊಲದಲ್ಲಿ ಬಗ್ಗಿದವನು ಸಂಜೆ ಅದೇ ಯಜಮಾನನ ಕಡೆಯವನ ಅಂಗಡಿಯಲ್ಲಿ ಕೂಲಿ ಕೊಟ್ಟು ಮೈನೋವು ಮರೆಯುತ್ತಾನಲ್ಲ, ಅದನ್ನು ಆಯ್ಕೆ ಅನ್ನುವುದು ಹೇಗೆ? ಆಯ್ಕೆ ಅನ್ನಬೇಕಾದರೆ ಎದುರಿಗೆ ಇನ್ನೊಂದು ಬಾಗಿಲು ತೆರೆದಿರಬೇಕು. ನಮ್ಮ ಕೇರಿಯಲ್ಲಿ ತೆರೆದಿದ್ದ ಬಾಗಿಲು ಸಾರಾಯಿ ಅಂಗಡಿಯದು ಒಂದೇ.

*

ಈ ಜಗಳ ನಮ್ಮ ಸಂವಿಧಾನ ಸಭೆಯಲ್ಲೂ ನಡೆಯಿತು. 1948ರ ನವೆಂಬರ್ 24ರಂದು, ಇವತ್ತು 47ನೇ ವಿಧಿಯಾಗಿರುವ ನಿರ್ದೇಶಕ ತತ್ವಕ್ಕೆ ಪಾನನಿಷೇಧದ ಮಾತು ಸೇರಿಸುವ ತಿದ್ದುಪಡಿ ಬಂತು. ಕೊಲ್ಹಾಪುರದ ಬಿ.ಎಚ್. ಖರ್ಡೇಕರ್ ವ್ಯಕ್ತಿಸ್ವಾತಂತ್ರ್ಯದ ಹೆಸರಿನಲ್ಲಿ ವಿರೋಧಿಸಿದರು. ಮದ್ರಾಸಿನ ದಲಿತ ನಾಯಕ ವಿ.ಐ. ಮುನಿಸ್ವಾಮಿ ಪಿಳ್ಳೈ ತಿದ್ದುಪಡಿಯನ್ನು ಬೆಂಬಲಿಸಿದರು. ಪಾನನಿಷೇಧದಿಂದ ಮೊದಲು ಬದುಕಿದ್ದು ನಮ್ಮ ಜನರ ಮನೆಗಳೇ ಎಂಬ ನಿಲುವು ಅವರದು. ಆದಿವಾಸಿಗಳ ದನಿಯಾಗಿದ್ದ ಜೈಪಾಲ್ ಸಿಂಗ್ ಮುಂಡಾ ಎದ್ದು, ಅನ್ನದಿಂದ ಮಾಡುವ ಪಾನೀಯ ನಮ್ಮ ಪೂಜೆಗೂ ದುಡಿಮೆಗೂ ಸೇರಿದ್ದು, ಅದನ್ನು ಕಿತ್ತುಕೊಳ್ಳಲು ನೀವು ಯಾರು ಎಂಬರ್ಥದಲ್ಲಿ ಮಾತಾಡಿದರು.

ಮೂರು ದನಿ. ಖರ್ಡೇಕರ್ ದನಿ ಪುಸ್ತಕದಿಂದ ಬಂದದ್ದು. ಉಳಿದ ಎರಡೂ ನೆಲದಿಂದ ಬಂದವು, ಎರಡೂ ನಮ್ಮವೇ, ಆದರೂ ಒಂದಕ್ಕೊಂದು ಎದುರು. ಬಾಬಾಸಾಹೇಬರು ತಿದ್ದುಪಡಿಯನ್ನು ಒಪ್ಪಿಕೊಂಡರು. ಇದು ನಿರ್ದೇಶಕ ತತ್ವ, ಯಾವಾಗ ಹೇಗೆ ತರಬೇಕೆಂದು ಸರ್ಕಾರಗಳೇ ನೋಡಿಕೊಳ್ಳಬಹುದು ಎಂದರು. ಆದಿವಾಸಿ ಪ್ರದೇಶಗಳ ಮಂಡಳಿಗಳಿಗೆ ತಮ್ಮ ಮಾತು ಹೇಳುವ ಅವಕಾಶ ಇದ್ದೇ ಇದೆ ಎಂದರು.

ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಮುಂದೆ ಓದಬೇಕು. 1951ರಲ್ಲಿ ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಫೆಡರೇಷನ್ ಹೊರಡಿಸಿದ ಚುನಾವಣಾ ಪ್ರಣಾಳಿಕೆ ಪಾನನಿಷೇಧವನ್ನು ಬರೀ ಹುಚ್ಚುತನ ಎಂದು ಕರೆಯಿತು. ನಿಷೇಧದಿಂದ ಕಳ್ಳಭಟ್ಟಿ ಮನೆಮನೆಗೆ ನುಗ್ಗಿತು, ಸರ್ಕಾರಕ್ಕೆ ಬರುವ ದುಡ್ಡೂ ಹೋಯಿತು ಎಂಬುದು ಅದರ ವಾದ. ಮೂರು ವರ್ಷದ ಹಿಂದೆ ತಿದ್ದುಪಡಿ ಒಪ್ಪಿದವರೇ ಅನುಭವ ಕಂಡು ಹೀಗೆಂದರು. ತತ್ವವನ್ನು ನೆಲದ ಮೇಲೆ ಇಟ್ಟು ತೂಗುವುದನ್ನು ನಾವು ಅವರಿಂದ ಕಲಿಯಬೇಕು.

ಸ್ವಾತಂತ್ರ್ಯ ಚಳವಳಿಯವರಿಗೆ ಹೆಂಡ ಎಂದರೆ ವೈರಿಯ ಆದಾಯ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿದು ಜೈಲಿಗೆ ಹೋದರು. ಅದರಲ್ಲಿ ಎಸ್. ನಿಜಲಿಂಗಪ್ಪನವರೂ ಇದ್ದರು. ಸ್ವಾತಂತ್ರ್ಯದ ಮೇಲೆ ಮೈಸೂರು ರಾಜ್ಯ 1961ರಲ್ಲಿ ಪಾನನಿಷೇಧ ಕಾಯ್ದೆ ಮಾಡಿತು, 1965ರಲ್ಲಿ ಅಬಕಾರಿ ಕಾಯ್ದೆ ಮಾಡಿತು. ಆ ದಶಕ ಮುಗಿಯುವಷ್ಟರಲ್ಲಿ ನಿಷೇಧ ಹಿಂದೆ ಸರಿದು ಹರಾಜು ಮುಂದೆ ಬಂತು. ಸಾರಾಯಿ ದೊರೆಗಳು ಎಂಬ ಹೊಸ ಜಾತಿ ಹುಟ್ಟಿತು. ಚುನಾವಣೆಗೆ ಅವರ ದುಡ್ಡು, ಊರಿಗೆ ಅವರ ಪುಂಡರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರರಷ್ಟು ಮಂದಿ ಸತ್ತರು. ಸತ್ತವರು ಕೊಳೆಗೇರಿಯವರು, ಕೂಲಿಯವರು. ದೊರೆಗಳು ಸಾಯಲಿಲ್ಲ.

*

1985ರಲ್ಲಿ ಎರಡು ಕಾನೂನು ಬಂದವು. ಎರಡನ್ನೂ ಒಟ್ಟಿಗಿಟ್ಟು ಓದಬೇಕು.

ಒಂದು ದೆಹಲಿಯದು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ. 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿತ್ತು, ಹಳೆಯ ಬಳಕೆಗಳನ್ನು ನಿಲ್ಲಿಸಲು ಕೊಟ್ಟಿದ್ದ 25 ವರ್ಷದ ಗಡುವು ಹತ್ತಿರವಾಗಿತ್ತು. ಕಾಯ್ದೆ 1985ರ ನವೆಂಬರ್ 14ರಿಂದ ಜಾರಿಯಾಯಿತು. ಗಾಂಜಾ ಎಂದರೆ ಗಿಡದ ಹೂ ಕಾಯಿ ಬಿಟ್ಟ ತುದಿ ಎಂದು ಅದು ಹೇಳುತ್ತದೆ. ಬರೀ ಎಲೆ ಬರೀ ಬೀಜ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಎಲೆ ಅರೆದ ಭಂಗಿ ಉತ್ತರದ ಕೆಲವು ಕಡೆ ಸರ್ಕಾರಿ ಪರವಾನಗಿಯ ಅಂಗಡಿಯಲ್ಲೇ ಮಾರಾಟ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಕೂಡ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆಯೊಳಗೆ ಬರುವುದಿಲ್ಲ ಎಂದಿತು.

2001ರ ತಿದ್ದುಪಡಿ ಪ್ರಮಾಣವನ್ನು ವಿಂಗಡಿಸಿತು. ಗಾಂಜಾ 1 ಕಿಲೋವರೆಗೆ ಅಲ್ಪ ಪ್ರಮಾಣ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ ಕಠಿಣ ಸಜೆ. ವಾಣಿಜ್ಯ ಪ್ರಮಾಣ ಎಂದು ಬರೆದುಬಿಟ್ಟರೆ 37ನೇ ಕಲಮಿನಂತೆ ಜಾಮೀನು ಬಲು ಕಷ್ಟ. ಇಲ್ಲೇ ತಕ್ಕಡಿಯ ಆಟ. ಹಸಿ ಗಿಡವನ್ನು ಬೇರು, ಕಾಂಡ, ಎಲೆ ಸಮೇತ ತೂಗಿದರೆ ಬದುವಿನ ಹತ್ತು ಗಿಡವೂ ವಾಣಿಜ್ಯವಾಗುತ್ತದೆ. ಹೀಗೆ ತೂಗಿದ ಕೇಸುಗಳಲ್ಲಿ ಹಲವು ಹೈಕೋರ್ಟುಗಳು ಜಾಮೀನು ಕೊಟ್ಟಿವೆ. ಆದರೆ ಹೈಕೋರ್ಟಿನವರೆಗೆ ಹೋಗಲು ಬಸ್ ಚಾರ್ಜು ಯಾರು ಕೊಡಬೇಕು? ಸಾಮಾನ್ಯ ಅಪರಾಧದಲ್ಲಿ ತಪ್ಪು ಮಾಡಿದ್ದಾನೆಂದು ಸರ್ಕಾರ ತೋರಿಸಬೇಕು. ಇಲ್ಲಿ 35 ಮತ್ತು 54ನೇ ಕಲಮುಗಳು ಮಾಲು ಸಿಕ್ಕವನ ತಲೆಯ ಮೇಲೆ ಆ ಭಾರ ಹೊರಿಸುತ್ತವೆ. ಹೊತ್ತವನೇ ಹೊರಬೇಕು.

ಇನ್ನೊಂದು ಕಾನೂನು ಬೆಂಗಳೂರಿನದು. ಕಳ್ಳಭಟ್ಟಿಯವರು, ಮಾದಕ ವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು, ಕೊಳೆಗೇರಿ ಜಾಗ ಕಬಳಿಸುವವರು, ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ 1985ರ ಕರ್ನಾಟಕದ ಕಾಯ್ದೆ. ಜನ ಇದನ್ನು ಗೂಂಡಾ ಕಾಯ್ದೆ ಎನ್ನುತ್ತಾರೆ. ಅಪರಾಧ ಸಾಬೀತಾಗಬೇಕಿಲ್ಲ. ಮುಂದೆ ಮಾಡಬಹುದು ಎಂಬ ಅನುಮಾನವೇ ಸಾಕು. ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಇದಕ್ಕೆ ಅಪರಾಧ ತಡೆ ಎಂದು ಹೆಸರು.

ಅಪರಾಧ ತಡೆ ಎಂಬ ಮಾತು ನಮ್ಮ ಜನರಿಗೆ ಹೊಸದಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಾಗಲೂ ಇದೇ ಹೆಸರು. ಕೊರಚ ಕೊರಮರ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಹುಟ್ಟುತ್ತಲೇ ಕಳ್ಳ. ರಾತ್ರಿ ಹಾಜರಿ, ಊರು ಬಿಡಲು ಚೀಟಿ. 1952ರಲ್ಲಿ ಆ ಕಾಯ್ದೆ ಹೋಯಿತು, ರೂಢಿಗತ ಅಪರಾಧಿಗಳು ಎಂಬ ಹೊಸ ಹೆಸರಿನಲ್ಲಿ ಅದರ ನೆರಳು ಉಳಿಯಿತು. ಇದೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಿಡಿದು ಸೇರಿದ ಜನರ ಮೇಲೆ ಗುಂಡು ಹಾರಿದ್ದೂ ನಿಷೇಧಾಜ್ಞೆಯ ಹೆಸರಿನಲ್ಲೇ. ಸತ್ತವರ ಲೆಕ್ಕ ಸರ್ಕಾರದ್ದೇ ಬೇರೆ, ಜನರದ್ದೇ ಬೇರೆ.

ಕಾನೂನಿಗೆ ಶಕ್ತಿ ಇಲ್ಲ ಅಂತ ನಾವು ಹೇಳುತ್ತಿಲ್ಲ. ಅದು ಎಲ್ಲಿ ಎಚ್ಚರ, ಎಲ್ಲಿ ನಿದ್ದೆ ಎಂದು ಕೇಳುತ್ತಿದ್ದೇವೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟಿನಲ್ಲೂ ಅದೇ ತೀರ್ಪು ಉಳಿಯಿತು. ಏಳು ಜೀವ ಸುಟ್ಟಲ್ಲಿ ಅನುಮಾನದ ಲಾಭ ಆರೋಪಿಗೆ. ಒಂದು ಚೀಲ ಸೊಪ್ಪು ಸಿಕ್ಕಲ್ಲಿ ಅನುಮಾನದ ಭಾರವೇ ಆರೋಪಿಗೆ. ಎರಡೂ ಇದೇ ಜಿಲ್ಲೆಯ ನೆಲದ ಮೇಲೆ ನಡೆಯುವ ನ್ಯಾಯ.

*

ಹಾಗಾದರೆ ಕಾನೂನನ್ನು ಕಿತ್ತು ಹಾಕಿಬಿಟ್ಟರೆ ಆಯಿತೇ? ಅದನ್ನು ಮಾಡಿದವರ ಕತೆಯನ್ನೂ ನೋಡೋಣ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಗೆ ಇಟ್ಟುಕೊಂಡವನನ್ನು ಅಪರಾಧಿ ಎನ್ನುವುದನ್ನು ನಿಲ್ಲಿಸಿತು. ಜೊತೆಗೇ ಚಿಕಿತ್ಸೆಯ ದಾರಿಯನ್ನು ಕಟ್ಟಿತು. ಅಮೆರಿಕದ ಒರೆಗಾನ್ ರಾಜ್ಯ 2020ರಲ್ಲಿ ಜನಮತದಿಂದ ಅದೇ ದಾರಿ ಹಿಡಿಯಿತು. ಶಿಕ್ಷೆ ಬೇಗ ಹೋಯಿತು, ಚಿಕಿತ್ಸೆ ನಿಧಾನವಾಗಿ ಬಂತು. 2024ರಲ್ಲಿ ಮತ್ತೆ ಅಪರಾಧವಾಗಿಸಿದರು. ಗೋಡೆ ಕೆಡವುವುದು ಒಂದು ದಿನದ ಕೆಲಸ, ಮನೆ ಕಟ್ಟುವುದು ಬೇರೆ ಕೆಲಸ.

ನಮ್ಮಲ್ಲಿ ನಿಷೇಧದ ಕತೆಯೂ ಹೀಗೇ ಇದೆ. 1990ರ ದಶಕದ ಮೊದಲಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಸಾಕ್ಷರತಾ ಆಂದೋಲನದ ರಾತ್ರಿ ತರಗತಿಯಲ್ಲಿ ಓದಿದ ಒಂದು ಪಾಠ ಅದಕ್ಕೆ ಕಿಡಿ. ಹಳ್ಳಿಯ ಮೇಷ್ಟ್ರುಗಳು ಇದನ್ನು ನೆನಪಿಡಬೇಕು. ಅಕ್ಷರ ಕಲಿಸಿದ್ದಕ್ಕೆ ಒಂದು ಸರ್ಕಾರ ನಡುಗಿತು. 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಎಲ್ಲ ಮದ್ಯವೂ ನಿಂತಿತು, 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಖಜಾನೆ ಬರಿದಾಯಿತೆಂದು ನಿಷೇಧ ತೆಗೆಯಿತು. ಆ ಎರಡು ಚಿಲ್ಲರೆ ವರ್ಷದ ನಡುವೆ ನಮ್ಮ ತಾತ ಜೈಲು ಕಂಡ. ಅವನು ಮಾಡಿದ ಅಪರಾಧ ಅವನು ಹೊರಗೆ ಬಂದ ಮೇಲೆ ಅಪರಾಧವಾಗಿ ಉಳಿಯಲಿಲ್ಲ. ಕಳೆದುಹೋದ ತಿಂಗಳುಗಳನ್ನು ಯಾರೂ ವಾಪಸು ಕೊಡಲಿಲ್ಲ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದೇ ವರ್ಷ ಕೋಲಾರದಿಂದ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ನಾವು ಆಗ ಪುಟ್ಟ ಹುಡುಗರು. ಕೇರಿಯ ಚರಂಡಿಯಲ್ಲಿ ತೇಲುತ್ತಿದ್ದ ಖಾಲಿ ಪ್ಯಾಕೆಟ್ಟುಗಳು ಕಾಣದಾದದ್ದು ನೆನಪಿದೆ. ಒಂದು ವರ್ಷ ತುಂಬುವ ಮೊದಲೇ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮತ್ತೆ ಕೂಲಿಯವರೇ.

ನಿಂತದ್ದು ಸಾರಾಯಿ ಮಾತ್ರ. ವಿಸ್ಕಿ, ರಮ್, ಬ್ರಾಂದಿ ನಿಲ್ಲಲಿಲ್ಲ. ಬಡವನ ಪ್ಯಾಕೆಟ್ಟು ಅಪರಾಧ, ಸಾಹುಕಾರನ ಬಾಟಲಿ ಆದಾಯ. ಕ್ರ್ಯಾಕ್ ಮತ್ತು ಪುಡಿಯ ತಕ್ಕಡಿ ನಮ್ಮಲ್ಲೂ ಇತ್ತು. ಬಡವನೂ ಈಗ 90 ಎಂಎಲ್ಲಿನ ಅಗ್ಗದ ವಿಸ್ಕಿ ಡಬ್ಬಿಗೆ ಹೊರಳಿದ್ದಾನೆ, ದುಡ್ಡು ಮಾತ್ರ ಮೊದಲಿಗಿಂತ ಹೆಚ್ಚು ಸುರಿಯಬೇಕು. ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ್ದು, ಚಿಲ್ಲರೆ ವ್ಯಾಪಾರದಲ್ಲೂ ಎಂಎಸ್‌ಐಎಲ್ ಮಳಿಗೆಗಳಿವೆ. 2023-24ರಲ್ಲಿ ರಾಜ್ಯದ ಅಬಕಾರಿ ಆದಾಯ 34 ಸಾವಿರ ಕೋಟಿ ರೂಪಾಯಿ ದಾಟಿತು. ಇತ್ತ 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಮದ್ಯ ನಿಲ್ಲಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅವರ ಕಾಲಿನ ಬೊಬ್ಬೆ ಒಣಗಿತು, ಆದಾಯ ಒಣಗಲಿಲ್ಲ.

*

1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಒಂದು ಘೋಷಣೆ ಕೂಗಿತು: ಹೆಂಡ ಬೇಡ, ವಸತಿಶಾಲೆ ಬೇಕು. ನಾವು ಅದನ್ನು ಹಿರಿಯರ ಬಾಯಿಂದ ಕೇಳಿದವರು. ಮೊದಲ ಸಲ ಕೇಳಿದಾಗ ಬರೀ ಘೋಷಣೆ ಅನ್ನಿಸಿತ್ತು. ಈಗ ಅದರಲ್ಲಿ ಒಂದು ತತ್ವ ಕಾಣುತ್ತಿದೆ.

ಆ ಘೋಷಣೆ ಪೊಲೀಸರನ್ನು ಕಳಿಸಿ ಎನ್ನಲಿಲ್ಲ. ಕುಡಿಯುವುದು ಅವರವರ ಹಕ್ಕು ಎಂದೂ ಅನ್ನಲಿಲ್ಲ. ನೀವು ನಮಗೆ ಕೊಟ್ಟಿರುವ ಬಾಗಿಲು ಬೇಡ, ಬೇರೆ ಬಾಗಿಲು ಕೊಡಿ ಎಂದಿತು. ಹರಾಜಿನ ದುಡ್ಡಿಗೂ ಕೇರಿಯ ಮಗುವಿನ ಓದಿಗೂ ಇರುವ ನಂಟನ್ನು ಬೀದಿಯಲ್ಲಿ ನಿಂತು ಹೇಳಿತು. ಇದೇ ನಿಜವಾದ ಅಪರಾಧ ತಡೆ. ಗೂಂಡಾ ಕಾಯ್ದೆ ಅಪರಾಧ ಮಾಡಬಹುದಾದವನನ್ನು ಹುಡುಕುತ್ತದೆ. ಈ ಘೋಷಣೆ ಅವನು ಚೀಲ ಹೊರುವ ದಿನಕ್ಕಿಂತ ಹತ್ತು ವರ್ಷ ಮುಂಚೆ ಅವನ ಮನೆಗೆ ಹೋಗಿ ಕೈಗೆ ಸ್ಲೇಟು ಕೊಡು ಎನ್ನುತ್ತದೆ. ನಾವೇ ಅದಕ್ಕೆ ಸಾಕ್ಷಿ. ಸರ್ಕಾರಿ ಹಾಸ್ಟೆಲಿನ ಮುದ್ದೆ ತಿಂದು ಓದಿದವರು ನಾವು. ಆ ಹಾಸ್ಟೆಲು ಇಲ್ಲದಿದ್ದರೆ ತಾತನ ದಾರಿ ಅಥವಾ ದೊಡ್ಡಪ್ಪನ ದಾರಿ, ಎರಡರಲ್ಲಿ ಒಂದು ನಮ್ಮದಾಗುತ್ತಿತ್ತು.

ಆದ್ದರಿಂದ ನಮ್ಮ ಮಾತು ಹೀಗೆ. ಬಳಸುವವನು ರೋಗಿ, ಹೊರುವವನು ಕೂಲಿ. ಇಬ್ಬರನ್ನೂ ಜೈಲಿಗೆ ಹಾಕಿ ವ್ಯಾಪಾರಿಯನ್ನು ಬಿಡುವ ಕಾನೂನಿಗೆ ನಾವು ಸಾಕ್ಷಿ ಹಾಕುವುದಿಲ್ಲ. ಹಾಗೆಂದು ಲಾಭಕ್ಕಾಗಿ ಕೇರಿಗೆ ಅಮಲು ತರುವವನಿಗೆ ಸ್ವಾತಂತ್ರ್ಯದ ಹಾರ ಹಾಕುವುದೂ ಇಲ್ಲ, ಆ ವ್ಯಾಪಾರಿ ಸರ್ಕಾರವೇ ಆಗಿದ್ದರೂ. ಊರೂರಿನ ಗೆಳೆಯರು, ಮೇಷ್ಟ್ರುಗಳು ಕೆಲವು ಸಂಗತಿ ತಿಳಿದಿರಬೇಕು. 50ನೇ ಕಲಮಿನಂತೆ ಮೈ ಶೋಧಿಸುವ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಶೋಧಿಸಿ ಎಂದು ಕೇಳುವ ಹಕ್ಕಿದೆ. ಆ ಹಕ್ಕನ್ನು ತಿಳಿಸುವುದು ಪೊಲೀಸರ ಕರ್ತವ್ಯ ಎಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ಕಾಯ್ದೆಯ ಅಧಿಕಾರಿಗಳು ಬರೆಸಿಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂದು 2020ರಲ್ಲಿ ಹೇಳಿದೆ. ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ 64ಎ ಕಲಮು ಅವನನ್ನು ಮೊಕದ್ದಮೆಯಿಂದ ಕಾಯುತ್ತದೆ. ಇವನ್ನು ಹೇಳಿಕೊಡಲು ವಕೀಲರೇ ಬೇಕಿಲ್ಲ, ಶಾಲೆಯ ಜಗಲಿ ಸಾಕು.

ಇದರ ಜೊತೆಗೆ ಹಳೆಯ ಎರಡು ಬೇಡಿಕೆಗಳು ಹಾಗೇ ಇವೆ, ಶಾಲೆ ಮತ್ತು ಭೂಮಿ. ಪಹಣಿ ಇಲ್ಲದ ಜನಕ್ಕೆ ಜಾಮೀನೂ ಇಲ್ಲ ಎಂಬುದನ್ನು ನಾವು ಮನೆಯಲ್ಲೇ ಕಲಿತಿದ್ದೇವೆ.

ಮೊನ್ನೆ ಅಜ್ಜಿಯ ಜೊತೆ ಆ ಬದುವಿನ ಕಡೆ ಹೋಗಿದ್ದೆವು. ಗಡಿಕಲ್ಲು ಒಂದು ಕಡೆಗೆ ವಾಲಿತ್ತು. ಅಜ್ಜಿ ಸೌದೆ ಹೊರೆಯನ್ನು ಅದರ ಮೇಲೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಇಲ್ಲೇ ಹಿಡಿದ್ರು’ ಅಂದಳು. ಸ್ವಲ್ಪ ಹೊತ್ತು ಕೂತು, ಹೊರೆ ಎತ್ತಿಕೊಡು ಅಂದಳು. ಎತ್ತಿಕೊಟ್ಟೆವು.